ಕುಮಾರಿ ಮಾರ್ಗರೆಟ್ ಫೌಂಟೇನ್

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಸಭಾಪಾಲಕರೊಬ್ಬರ ಮಗಳಾಗಿ ಮಾರ್ಗರೆಟ್ ಫೌಂಟೇನಳು 1862ರ ಮೇ ತಿಂಗಳಲ್ಲಿ ಜನಿಸಿದಳು. 1877ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ಏಪ್ರಿಲ್ 15ರಂದು, ಹದಿನಾರು ತುಂಬುವ ಮುನ್ನವೇ, ಆಕೆಯು ದಿನಚರಿಯನ್ನು ಬರೆಯಲಾರಂಭಿಸಿದಳು. ಅಂದಿನ ಗೌರವಸ್ಥ ಮನೆತನದ ಕನ್ಯೆಯರಿಗೆ ಕಸೂತಿ, ಸಂಗೀತ, ತರುವಾಯ ವಿವಾಹ; ಇದರಾಚೆಗೆ ದಾರಿಯು ಹೆಚ್ಚಾಗಿ ತೆರೆದಿರಲಿಲ್ಲ. ಬಂಧುವೊಬ್ಬನು ಬಿಟ್ಟುಹೋದ ಹಣವು ಈಕೆಗೆ ಅದನ್ನು ತೆರೆಯಿತು.

1891ರಲ್ಲಿ ಆಕೆಯು ಸ್ವಿಟ್ಸರ್ಲೆಂಡಿಗೆ ಹೋದಳು. ಅಲ್ಲಿಯ ಬೆಟ್ಟದ ಇಳುಕಲುಗಳು ಬೇಸಗೆಯಲ್ಲಿ ಕಾಡುಹೂಗಳಿಂದ ತುಂಬಿರುತ್ತವೆ. ಚಿಕ್ಕಂದಿನಲ್ಲಿ ಚಿತ್ರಗಳಲ್ಲಿ ಮಾತ್ರ ಕಂಡಿದ್ದ ಚಿಟ್ಟೆಗಳು ಕಣ್ಣೆದುರಿಗೇ ಹಾರುತ್ತಿರಲು, ಬಲೆಯನ್ನು ಹಿಡಿದವಳು ಸುಮಾರು ಐವತ್ತು ವರ್ಷ ಅದನ್ನು ಕೆಳಗಿಡಲಿಲ್ಲ.

ಹಾರಾಡುವ ಚಿಟ್ಟೆಯ ರೆಕ್ಕೆಯು ಹರಿದಿರುವುದುಂಟು. ಮೊಟ್ಟೆಯಿಂದ ಸಾಕಿದ್ದರ ರೆಕ್ಕೆಯು ಕಳಂಕವಿಲ್ಲದೆ ಇರುತ್ತದೆ. ಆದರೆ ಸಾಕಬೇಕಾದರೆ ಗಿಡವನ್ನು ಅರಿಯಬೇಕು. ಚಿಟ್ಟೆಯು ಹತ್ತು ಹೂಗಳ ಮಧುವನ್ನು ಕುಡಿದೀತು. ಅದರ ಕಂಬಳಿಹುಳವಾದರೋ ತನಗೆ ಸಲ್ಲುವ ಕೆಲವೇ ಗಿಡಗಳ ಎಲೆಯನ್ನಲ್ಲದೆ ತಿನ್ನದು. ಆದುದರಿಂದ ಆಕೆಯು ತಾಯಿಚಿಟ್ಟೆಯು ಯಾವ ಎಲೆಯ ಮೇಲೆ ಮೊಟ್ಟೆಯಿಡುವುದೆಂದು ಕಾದು ನೋಡುತ್ತಿದ್ದಳು. ಹುಳಗಳನ್ನು ಸಾಕಿ, ಅವುಗಳ ಬಣ್ಣದ ಚಿತ್ರಗಳನ್ನು ಬರೆದಳು. ಆ ಪುಸ್ತಕಗಳು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ.

ನಮ್ಮ ಗುಡ್ಡದ ಎಕ್ಕದ ಗಿಡದಲ್ಲಿಯೂ ಇಂತಹ ಹುಳಗಳುಂಟು. ಒಂದು ಬೇಸಗೆಯ ಸಂಚಾರದಲ್ಲಿ ಅದರ ಬಳಿ ನಿಂತು, ಸಾಲಿನಿಂದ ಹಿಂದುಳಿದ ಬಾಲಕಿಯೊಬ್ಬಳನ್ನು ನಾನು ಎಲ್ಲರೆದುರಿಗೆ ಗದರಿಸಿದೆನು. ಫೌಂಟೇನಳ ಚರಿತ್ರೆಯನ್ನು ಓದಿದುದು ಅದರ ತರುವಾಯ. ಆ ಬಾಲಕಿಯು ಈ ಸಂಚಿಕೆಯನ್ನು ಓದುವಳೆಂದು ನಂಬಿದ್ದೇನೆ.

1901ರಲ್ಲಿ ದಮಸ್ಕದಲ್ಲಿ ಮಾರ್ಗದರ್ಶಕನಾಗಿ ದೊರೆತ ಖಲೀಲ್ ನೈಮಿಯು 1928ರಲ್ಲಿ ಸಾಯುವವರೆಗೆ ಆಕೆಯ ಸಂಗಡಿಗನಾಗಿದ್ದನು. ಸಂಗ್ರಹಕ್ಕೆ ಅವನ ಹೆಸರನ್ನೂ ಸೇರಿಸಿದಳು. ಅದರಲ್ಲಿ ಸುಮಾರು 22,000 ಚಿಟ್ಟೆಗಳಿವೆ. ಇಷ್ಟು ಜೀವಿಗಳನ್ನು ಕೊಂದುದನ್ನು ನನ್ನ ಮನಸ್ಸು ಒಪ್ಪದು. ಸಾಕಿದವುಗಳಲ್ಲಿ ಬೇಡವಾದವನ್ನು ಹಾರಿಬಿಡುತ್ತಿದ್ದಳೆಂಬುದನ್ನೂ ಹೇಳಬೇಕು.

1940ರ ಏಪ್ರಿಲ್ 21ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಆಕೆಯು ಟ್ರಿನಿಡಾಡ್ ದ್ವೀಪದಲ್ಲಿ ತೀರಿಕೊಂಡಳು. ಸಂತ ಬೆನೆಡಿಕ್ಟನ ಬೆಟ್ಟದ ದಾರಿಯಲ್ಲಿ ಮಠದ ಸನ್ಯಾಸಿಯೊಬ್ಬನು ಆಕೆಯನ್ನು ಕಂಡಾಗ ಬಲೆಯು ಪಕ್ಕದಲ್ಲಿಯೇ ಬಿದ್ದಿತ್ತು.

ನಾರಿಚ್ ನಗರದ ವಸ್ತುಸಂಗ್ರಹಾಲಯಕ್ಕೆ ಚಿಟ್ಟೆಗಳ ಸಂಗಡ ಮುಚ್ಚಿದ ಪೆಟ್ಟಿಗೆಯೊಂದು ಬಂದಿತು. 1978ರ ಏಪ್ರಿಲ್ 15ಕ್ಕೆ ಮುಂಚೆ ತೆರೆಯಕೂಡದೆಂದು ಆಕೆಯ ಅಪ್ಪಣೆಯಿತ್ತು. ತೆರೆದಾಗ ಅದರಲ್ಲಿ ಹನ್ನೆರಡು ಸಂಪುಟಗಳ ದಿನಚರಿಯಿತ್ತು. ಮೊದಲನೆಯ ಪುಟವನ್ನು ಬರೆದು ಅಂದಿಗೆ ಸರಿಯಾಗಿ ನೂರು ವರ್ಷಗಳಾಗಿದ್ದವು.