ಹೇಸರಗತ್ತೆ ಸಾಹುಕಾರ ತುಪಾಕ್ ಅಮಾರು



ಈ ಸಲ ನಾನು ಪೆರು ದೇಶದ ಒಬ್ಬ ವೀರನ ಬಗ್ಗೆ ಬರೆದಿದ್ದೇನೆ. ಭೂಪಟದಲ್ಲಿ ದಕ್ಷಿಣ ಅಮೆರಿಕ ನೋಡಿ, ಪಶ್ಚಿಮದ ದಂಡೆಯಲ್ಲಿ ಚಿಲಿ ದೇಶದ ಮೇಲ್ಗಡೆ ಇದೆಯಲ್ಲ, ಅದೇ ಪೆರು. ಅಲ್ಲಿ ಇಂಕಾ ಅರಸರು ಆಳುತ್ತಿದ್ದರು. 1532ರಲ್ಲಿ ಸ್ಪೇನ್ ದೇಶದವರು ಬಂದು ಅರಸ ಅತಾಹುವಾಲ್ಪನನ್ನು ಮೋಸದಿಂದ ಹಿಡಿದು ಮರುವರ್ಷ ಕೊಂದರು. ಕೊನೆಯ ಇಂಕಾ ತುಪಾಕ್ ಅಮಾರುವಿನ ತಲೆಯನ್ನು 1572ರಲ್ಲಿ ಕುಸ್ಕೋ ಪಟ್ಟಣದ ಚೌಕದಲ್ಲಿ ಕಡಿದರು. ಅಲ್ಲಿಗೆ ಎಲ್ಲಾ ಮುಗೀತು ಅಂತ ಅವರು ತಿಳಿದರು.

ನಮ್ಮ ಕಥಾನಾಯಕ ಹುಟ್ಟಿದ್ದು 1738ರಲ್ಲಿ, ಕುಸ್ಕೋ ಸೀಮೆಯ ಸುರಿಮಾನ ಎಂಬ ಹಳ್ಳಿಯಲ್ಲಿ. ಹೆಸರು ಹೋಸೆ ಗೇಬ್ರಿಯೆಲ್ ಕೊಂಡೊರ್ಕಾಂಕಿ. ತಾನು ಆ ಕೊನೆಯ ಇಂಕಾನ ವಂಶದವನೆಂದು ತುಪಾಕ್ ಅಮಾರು ಎಂಬ ಹೆಸರಿಟ್ಟುಕೊಂಡ. ಮೂರು ಊರಿಗೆ ಅವನೇ ಕುರಾಕ, ಅಂದರೆ ನಮ್ಮ ಕಡೆ ಗೌಡಿಕೆ ಇದ್ದ ಹಾಗೆ. ಸುಮಾರು 350 ಹೇಸರಗತ್ತೆ ಇದ್ದವು. ಅವುಗಳ ಮೇಲೆ ಸಾಮಾನು ಹೇರಿ ಆಂಡೀಸ್ ಬೆಟ್ಟದ ದಾರಿಗಳಲ್ಲಿ ಸಾಗಿಸುತ್ತಿದ್ದ. ಉಣ್ಣೋಕೆ ಉಡೋಕೆ ಏನೂ ಕಡಿಮೆ ಇರಲಿಲ್ಲ, ಸುಮ್ಮನೆ ಇರಬಹುದಿತ್ತು. ಆದರೆ ಊರೂರು ತಿರುಗುವವನ ಕಣ್ಣಿಗೆ ಎಲ್ಲಾ ಬೀಳುತ್ತದೆ.

ಈಗ ಬೊಲಿವಿಯಾದಲ್ಲಿರುವ ಪೊಟೊಸಿಯ ಬೆಳ್ಳಿ ಗಣಿಗೆ ಏಳು ಗಂಡಸರಲ್ಲಿ ಒಬ್ಬನಂತೆ ಸರದಿ ಮೇಲೆ ಜನ ಹೋಗಬೇಕಿತ್ತು. ಇದಕ್ಕೆ ಮಿತ ಅಂತ ಹೆಸರು. ಕೂಲಿ ಅನ್ನೋದು ಹೆಸರಿಗೆ ಮಾತ್ರ, ಅದು ಬಿಟ್ಟಿ ಚಾಕರಿಯೇ. ನೂರಾರು ಮೈಲಿ ಹೆಂಡತಿ ಮಕ್ಕಳ ಜೊತೆ ನಡೆದು ಹೋದವರಲ್ಲಿ ಎಷ್ಟೋ ಜನ ತಿರುಗಿ ಬರಲಿಲ್ಲ. ಇದು ಸಾಲದೆ ಸ್ಪೇನಿನ ಅಧಿಕಾರಿಗಳು ಬಟ್ಟೆ, ಹೇಸರಗತ್ತೆಗಳನ್ನು ದುಪ್ಪಟ್ಟಿಗಿಂತ ಜಾಸ್ತಿ ಬೆಲೆಗೆ ಬಲವಂತವಾಗಿ ಮಾರುತ್ತಿದ್ದರು. ಬೇಡ ಅನ್ನೋ ಹಾಗಿಲ್ಲ.

ಅವನು ಮೊದಲೇ ಕತ್ತಿ ಹಿಡಿಯಲಿಲ್ಲ. 1777ರಲ್ಲಿ ಲಿಮಾ ನಗರಕ್ಕೆ ಹೋಗಿ ನಮ್ಮ ಜನರನ್ನು ಮಿತದಿಂದ ಬಿಡಿಸಿ ಅಂತ ಅರ್ಜಿ ಕೊಟ್ಟ. ಯಾರೂ ಕೇಳಲಿಲ್ಲ. 1780ರ ನವೆಂಬರ್ 4ರಂದು ಅರಿಯಾಗ ಎಂಬ ಅಧಿಕಾರಿ ಊಟ ಮುಗಿಸಿ ಹೋಗುವಾಗ ದಾರಿಯಲ್ಲಿ ಹಿಡಿದ. ಆರು ದಿನದ ಮೇಲೆ ಜನರೆದುರು ಗಲ್ಲಿಗೆ ಹಾಕಿಸಿದ. ಆಮೇಲೆ ಗುಲಾಮರಿಗೆ ಬಿಡುಗಡೆ ಸಾರಿದ. ನವೆಂಬರ್ 18ರಂದು ಸಾಂಗರಾರದಲ್ಲಿ ಸ್ಪೇನಿನ ದಂಡನ್ನು ಸೋಲಿಸಿದ. ಆದರೆ ಅಲ್ಲಿ ಚರ್ಚು ಸುಟ್ಟು ಒಳಗಿದ್ದವರು ಸತ್ತರು. ಅದೇ ನೆಪದಲ್ಲಿ ಕುಸ್ಕೋದ ಬಿಷಪ್ ಅವನಿಗೆ ಬಹಿಷ್ಕಾರ ಹಾಕಿದರು. ಎಷ್ಟೋ ಜನ ಹೆದರಿ ದೂರವಾದರು.

ಅವನ ಹೆಂಡತಿ ಮಿಕೇಲ ಬಸ್ತಿದಾಸ್ ಬಗ್ಗೆ ಹೇಳಲೇಬೇಕು. ದಂಡಿಗೆ ಆಹಾರ, ಹಣ, ಆಯುಧ ಹೊಂದಿಸಿದವಳು ಅವಳೇ. ಗಂಡ ದಕ್ಷಿಣದ ಊರುಗಳಲ್ಲಿ ಜನ ಸೇರಿಸುತ್ತಾ ತಿರುಗುವಾಗ, ತಡಮಾಡದೆ ಕುಸ್ಕೋಗೆ ನುಗ್ಗು ಅಂತ ಕಾಗದದ ಮೇಲೆ ಕಾಗದ ಬರೆದಳು. ಅವನು ಹೋದದ್ದು ಡಿಸೆಂಬರ್ ಕೊನೆಗೆ. ಅಷ್ಟರಲ್ಲಿ ಶತ್ರುಗಳು ಗಟ್ಟಿಯಾಗಿದ್ದರು. ಮುತ್ತಿಗೆ ಮುರಿಯಿತು. ನಾನು ಹುಡುಗಿ ಅಂತ ಹೇಳ್ತಿಲ್ಲ, ಅವಳ ಮಾತೇ ಸರಿಯಿತ್ತು. ಅವನ ವಿರುದ್ಧ ಪುಮಕಾಹುವ ಎಂಬ ಇನ್ನೊಬ್ಬ ಕುರಾಕನೇ ಸ್ಪೇನಿನ ಪರ ಹೋರಾಡಿದ. ತಮಾಷೆ ನೋಡಿ, 1814ರಲ್ಲಿ ಅವನೂ ದಂಗೆ ಎದ್ದ, ಮರುವರ್ಷ ಅವನನ್ನೂ ಕೊಂದರು!

1781ರ ಏಪ್ರಿಲ್‌ನಲ್ಲಿ ತನ್ನವರೇ ಮೋಸ ಮಾಡಿ ತುಪಾಕ್ ಅಮಾರುವನ್ನು ಹಿಡಿದುಕೊಟ್ಟರು. ಮೇ 18ರಂದು ಅದೇ ಕುಸ್ಕೋ ಚೌಕದಲ್ಲಿ ಮಿಕೇಲಳನ್ನೂ ಹಿರಿಮಗನನ್ನೂ ಅವನ ಕಣ್ಣೆದುರೇ ಕೊಂದರು. ಅವನ ಕೈಕಾಲನ್ನು ನಾಲ್ಕು ಕುದುರೆಗೆ ಕಟ್ಟಿ ಎಳೆಸಿದರು. ದೇಹ ಹರಿಯಲಿಲ್ಲ. ಆಮೇಲೆ ತಲೆ ಕಡಿದರು. ಕಿರಿಯ ಮಗ ಫರ್ನಾಂಡೊ ಚಿಕ್ಕ ಹುಡುಗ, ನಮಗಿಂತ ಚಿಕ್ಕವನು. ಇದನ್ನೆಲ್ಲಾ ಅವನು ನಿಂತು ನೋಡಬೇಕಾಯಿತು. ಅವನನ್ನು ಸ್ಪೇನಿಗೆ ಒಯ್ದರು, 1798ರಲ್ಲಿ ಅಲ್ಲೇ ತೀರಿಕೊಂಡ.

ಅಷ್ಟಕ್ಕೇ ಬಿಡಲಿಲ್ಲ. ಇಂಕಾ ಉಡುಪು ತೊಡಬಾರದು, ಅವರ ನಾಟಕ ಆಡಬಾರದು, ಶಂಖ ಊದಬಾರದು, ಕೆಚುವಾ ಭಾಷೆ ಬಿಟ್ಟು ಸ್ಪ್ಯಾನಿಷ್ ಕಲಿಯಬೇಕು ಅಂತ ಆಜ್ಞೆಯಾಯಿತು. ದಂಗೆ ಮಾತ್ರ 1783ರವರೆಗೂ ಅಲ್ಲಲ್ಲಿ ಉರಿಯಿತು. 1821ರಲ್ಲಿ ಪೆರು ಸ್ವತಂತ್ರವಾಯಿತು. 1975ರಲ್ಲಿ ಕೆಚುವಾ ಅಲ್ಲಿಯ ಆಡಳಿತ ಭಾಷೆಗಳಲ್ಲಿ ಒಂದಾಯಿತು. 2017ರ ಜನಗಣತಿಯಲ್ಲಿ 37 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯಿನುಡಿ ಕೆಚುವಾ ಅಂತ ಬರೆಸಿದರು.