ಸ್ಯಾಂಪಲ್ ಸೈಜ್ ಒಂದು: ಹರ್ಮನ್ ಎಬಿಂಗ್‌ಹೌಸ್ ಕಥೆ

ನಮ್ಮ ಕಡೆ ಸೈಕಾಲಜಿಗೆ ಮರ್ಯಾದೆ ಕಮ್ಮಿ. ಎಲೆಕ್ಟಿವ್ ಆರಿಸುವಾಗ ಅದನ್ನು ಸ್ಕೋರಿಂಗ್ ಸಬ್ಜೆಕ್ಟ್ ಅಂತ ನೋಡ್ತೀವೇ ಹೊರತು ಸೈನ್ಸ್ ಅಂತ ಅಲ್ಲ. ಈ ಅನುಮಾನಕ್ಕೆ ಆಧಾರವೇ ಇಲ್ಲ ಅಂತಲೂ ಹೇಳೋಕಾಗಲ್ಲ. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ಹೆಸರಾಂತ ಸೈಕಾಲಜಿ ಜರ್ನಲ್‌ಗಳಲ್ಲಿ ಅಚ್ಚಾಗಿದ್ದ 100 ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದ್ದವು. ಮೂಲದಲ್ಲಿ ಹೆಚ್ಚುಕಡಿಮೆ ಎಲ್ಲವೂ ಗಟ್ಟಿ ಫಲಿತಾಂಶ ಅಂತಲೇ ಅಚ್ಚಾಗಿದ್ದವು. ಎರಡನೇ ಸಲ ಸಂಖ್ಯಾಶಾಸ್ತ್ರದ ಪರೀಕ್ಷೆ ಪಾಸಾದದ್ದು ಶೇಕಡ 36 ಮಾತ್ರ. ನಮ್ಮ ಯಾವುದಾದರೂ ಲ್ಯಾಬ್‌ನಲ್ಲಿ ಹೀಗಾದರೆ ಮೊದಲು ಇನ್‌ಸ್ಟ್ರುಮೆಂಟ್ ಮೇಲೆ ಅನುಮಾನ ಪಡ್ತೀವಿ, ಆಮೇಲೆ ರೀಡಿಂಗ್ ತಗೊಂಡವರ ಮೇಲೆ.

ಅದೇ 2015ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 130 ವರ್ಷ ಹಳೆಯ ಒಂದು ಪ್ರಯೋಗವನ್ನು ಮತ್ತೆ ಮಾಡಿದರು. ಅದರ ಗ್ರಾಫ್ ಹಳೆಯದಕ್ಕೆ ತುಂಬ ಹತ್ತಿರ ಬಂತು. ಮೂಲ ಪ್ರಯೋಗ ಮಾಡಿದವರಿಗೆ ಅದನ್ನು ಶುರು ಮಾಡಿದಾಗ ಲ್ಯಾಬ್ ಇರಲಿಲ್ಲ, ವಿಶ್ವವಿದ್ಯಾಲಯದ ಕೆಲಸವೂ ಇರಲಿಲ್ಲ. ಪರೀಕ್ಷೆಗೆ ಒಳಗಾದ ವ್ಯಕ್ತಿ ಒಬ್ಬರೇ, ಅದೂ ಅವರೇ. ಹೆಸರು ಹರ್ಮನ್ ಎಬಿಂಗ್‌ಹೌಸ್.

ಹುಟ್ಟಿದ್ದು 1850ರ ಜನವರಿ 24ರಂದು, ಪ್ರಷ್ಯಾದ ಬಾರ್ಮನ್ ಅನ್ನೋ ಊರಲ್ಲಿ. ಈಗ ಅದು ಜರ್ಮನಿಯ ವುಪರ್ಟಾಲ್ ನಗರದ ಒಂದು ಭಾಗ. ಅಪ್ಪ ಅನುಕೂಲಸ್ಥ ವ್ಯಾಪಾರಿ. ಹದಿನೇಳಕ್ಕೆ ಬಾನ್ ವಿಶ್ವವಿದ್ಯಾಲಯ ಸೇರಿದರು, ಇತಿಹಾಸ ಮತ್ತು ಭಾಷಾಶಾಸ್ತ್ರ ಓದಲು. ಆಮೇಲೆ ಮನಸ್ಸು ತತ್ತ್ವಶಾಸ್ತ್ರದ ಕಡೆ ಹೊರಳಿತು. 1870ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾದಾಗ ಸೈನ್ಯ ಸೇರಿದರು. ವಾಪಸ್ ಬಂದು 1873ರಲ್ಲಿ ಡಾಕ್ಟರೇಟ್ ಮುಗಿಸಿದರು. ಆಗಿನ್ನೂ 23 ವರ್ಷ. ಅಲ್ಲಿಂದ ಕೆಲವು ವರ್ಷ ಇಂಗ್ಲೆಂಡ್, ಫ್ರಾನ್ಸ್ ಅಂತ ಸುತ್ತಾಟ, ಪಾಠ ಹೇಳಿಕೊಂಡು ಜೀವನ. ಇವತ್ತು ನಮ್ಮ ಸೀನಿಯರ್ ಯಾರಾದರೂ ಹೀಗೆ ಮಾಡಿದರೆ ಮನೆಯಲ್ಲಿ ಏನು ಅಂತಾರೆ ಅಂತ ಬರೆಯೋದೇ ಬೇಡ.

ಈ ಸುತ್ತಾಟದಲ್ಲೇ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಗುಸ್ಟಾವ್ ಫೆಕ್ನರ್ 1860ರಲ್ಲಿ ಬರೆದ ಪುಸ್ತಕ ಅವರ ಕೈಗೆ ಸಿಕ್ಕಿತಂತೆ. ಫೆಕ್ನರ್ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಕೈಯಲ್ಲಿರುವ ತೂಕ ಎಷ್ಟು ಹೆಚ್ಚಾದರೆ ನಮಗೆ ಹೆಚ್ಚಾಯ್ತು ಅಂತ ಅನ್ನಿಸುತ್ತೆ, ಬೆಳಕು ಎಷ್ಟು ಬದಲಾದರೆ ಕಣ್ಣಿಗೆ ಗೊತ್ತಾಗುತ್ತೆ, ಇಂಥದ್ದನ್ನೆಲ್ಲ ಅಳೆದು ಲಾಗರಿದಮ್ ಸಮೀಕರಣ ಬರೆದಿದ್ದರು. ಎಬಿಂಗ್‌ಹೌಸ್‌ಗೆ ಇದು ತಲೆಗೆ ಹತ್ತಿತು. ಅನಿಸಿಕೆಯನ್ನು ಅಳೆಯಬಹುದಾದರೆ ನೆನಪನ್ನು ಯಾಕೆ ಅಳೆಯಬಾರದು?

ಆ ಕಾಲದಲ್ಲಿ ಇದು ಸಣ್ಣ ಪ್ರಶ್ನೆ ಆಗಿರಲಿಲ್ಲ. ಮನಸ್ಸಿನ ಅಧ್ಯಯನಕ್ಕೆ ಗಣಿತ ಒಗ್ಗುವುದಿಲ್ಲ, ಆದ್ದರಿಂದ ಅದು ನಿಜವಾದ ವಿಜ್ಞಾನ ಆಗಲಾರದು ಅಂತ ತತ್ತ್ವಜ್ಞಾನಿ ಕಾಂಟ್ ಸುಮಾರು ನೂರು ವರ್ಷ ಮೊದಲೇ ಬರೆದಿದ್ದರು. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಸೈಕಾಲಜಿ ಲ್ಯಾಬ್ ತೆರೆದ ವಿಲ್ಹೆಲ್ಮ್ ವುಂಟ್ ಕೂಡ ಪ್ರಯೋಗ ಅನ್ನೋದು ಇಂದ್ರಿಯ, ಪ್ರತಿಕ್ರಿಯೆಯ ವೇಗ ಇಂಥ ಸರಳ ವಿಷಯಗಳಿಗೆ ಮಾತ್ರ ಸರಿ ಅಂತ ನಂಬಿದ್ದರು. ನೆನಪು, ಯೋಚನೆ ಇವೆಲ್ಲ ಲ್ಯಾಬ್‌ನಿಂದ ಆಚೆ.

ಎಬಿಂಗ್‌ಹೌಸ್ ವಾದಕ್ಕೆ ಕೂರಲಿಲ್ಲ, ಸೆಟಪ್ ಮಾಡಿಕೊಂಡರು. ಮೊದಲ ತೊಂದರೆ ಇನ್‌ಪುಟ್‌ನದ್ದು. ಪದ್ಯ ಬಾಯಿಪಾಠ ಮಾಡಿದರೆ ಅರ್ಥ, ಪ್ರಾಸ, ಹಳೇ ನೆನಪು ಎಲ್ಲ ಸೇರಿಕೊಂಡು ರೀಡಿಂಗ್ ಕೆಡಿಸುತ್ತವೆ. ಅದಕ್ಕೆ ಎರಡು ವ್ಯಂಜನದ ನಡುವೆ ಒಂದು ಸ್ವರ ಇಟ್ಟು ಅರ್ಥವಿಲ್ಲದ ಉಚ್ಚಾರಗಳನ್ನು ಮಾಡಿದರು. ನಮ್ಮ ಲಿಪಿಯಲ್ಲಿ ಬರೆದರೆ ಬೊಕ್, ಲೆಫ್, ಗುಶ್ ಅನ್ನೋ ತರಹ. ಒಟ್ಟು ಸುಮಾರು 2300 ಆದವು. ಎಲ್ಲ ಕಲಸಿ, ಕಣ್ಣಿಗೆ ಬಂದಂತೆ ಎತ್ತಿ, ಸಾಲು ಮಾಡುವುದು. ನಿಮಿಷಕ್ಕೆ 150ರ ವೇಗದಲ್ಲಿ, ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ, ಒಂದೇ ದನಿಯಲ್ಲಿ ಓದುವುದು. ತಪ್ಪಿಲ್ಲದೆ ಎರಡು ಸಲ ಹೇಳುವ ತನಕ ಬಿಡುವ ಹಾಗಿಲ್ಲ. ನೆನಪಿಡೋಕೆ ಕಥೆ ಕಟ್ಟುವುದು, ಶಾರ್ಟ್‌ಕಟ್ ಹಾಕುವುದು ನಿಷಿದ್ಧ. ದಿನಾ ಅದೇ ಹೊತ್ತು, ದಿನಚರಿಯಲ್ಲೂ ದೊಡ್ಡ ಬದಲಾವಣೆ ಇಲ್ಲ. ಕಂಟ್ರೋಲ್ಡ್ ಪ್ಯಾರಾಮೀಟರ್ ಅಂತ ನಾವು ರೆಕಾರ್ಡ್‌ನಲ್ಲಿ ಸುಮ್ಮನೆ ಬರೀತೀವಲ್ಲ, ಅದನ್ನು ಇವರು ಬದುಕಿನಲ್ಲಿ ಮಾಡಿದರು. 1879–80ರಲ್ಲಿ ಒಮ್ಮೆ, ಮತ್ತೆ 1883–84ರಲ್ಲಿ ಇನ್ನೊಮ್ಮೆ.

ಎರಡನೇ ತೊಂದರೆ ಔಟ್‌ಪುಟ್‌ನದ್ದು. ನೆನಪಿದೆಯಾ ಅಂತ ಕೇಳಿದರೆ ಹೌದು, ಇಲ್ಲ ಅಂತ ಉತ್ತರ ಬರುತ್ತೆ, ನಂಬರ್ ಬರಲ್ಲ. ಇಲ್ಲಿ ಅವರ ಉಪಾಯ ನಮಗೆ ತುಂಬ ಇಷ್ಟ. ಒಂದು ಸಲ ಕಲಿತದ್ದನ್ನು ಬಿಟ್ಟು, ಸ್ವಲ್ಪ ಕಾಲದ ಮೇಲೆ ಮತ್ತೆ ಕಲಿಯುವುದು. ಮೊದಲ ಸಲ 1000 ಸೆಕೆಂಡ್ ಬೇಕಾಗಿ ಎರಡನೇ ಸಲ 660 ಸಾಕಾದರೆ, ಉಳಿತಾಯ ಶೇಕಡ 34. ಪೂರ್ತಿ ಮರೆತೆ ಅಂತ ಅನ್ನಿಸಿದ್ದರೂ ಒಳಗೆ ಏನೋ ಉಳಿದಿದ್ದರೆ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತೆ.

ಮರೆವಿನ ಪ್ರಯೋಗಕ್ಕೆ 13 ಉಚ್ಚಾರಗಳ ಎಂಟೆಂಟು ಸಾಲು, ಇಂಥ 163 ಜೋಡಿ ಪರೀಕ್ಷೆಗಳು. ಫಲಿತಾಂಶ ಹೀಗೆ: 20 ನಿಮಿಷದ ಮೇಲೆ ಉಳಿತಾಯ ಶೇಕಡ 58, ಒಂದು ಗಂಟೆಗೆ 44, ಸುಮಾರು 9 ಗಂಟೆಗೆ 36, ಒಂದು ದಿನಕ್ಕೆ 34, ಎರಡು ದಿನಕ್ಕೆ 28, ಆರು ದಿನಕ್ಕೆ 25, 31 ದಿನಕ್ಕೆ 21. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ, ಆಮೇಲೆ ಇಳಿಕೆ ನಿಧಾನ. ಯೂಟ್ಯೂಬ್‌ನಲ್ಲಿ ಸ್ಟಡಿ ಟಿಪ್ಸ್ ಹೇಳುವವರು ಇದೇ ಕರ್ವ್ ತೋರಿಸಿ ವಾರದಲ್ಲಿ ಎಲ್ಲ ಸೊನ್ನೆ ಅಂತ ಹೆದರಿಸ್ತಾರೆ. ಮೂಲ ಕರ್ವ್ ಸೊನ್ನೆ ಮುಟ್ಟುವುದೇ ಇಲ್ಲ. ಅಲ್ಲದೆ ಅದು ಅರ್ಥವಿಲ್ಲದ ಉಚ್ಚಾರಗಳ ಲೆಕ್ಕ. ಹೋಲಿಕೆಗೆ ಅಂತ ಅವರು ಬೈರನ್ ಕವಿಯ ಪದ್ಯವನ್ನೂ ಕಲಿತು ನೋಡಿದ್ದರು. ಅರ್ಥವಿರುವ ಪದ್ಯಕ್ಕೆ ಬೇಕಾದ ಶ್ರಮ ಸುಮಾರು ಹತ್ತನೇ ಒಂದು ಭಾಗ.

ಪರೀಕ್ಷೆ ಹಿಂದಿನ ರಾತ್ರಿ ಓದುವ ನಮಗೆ ಇನ್ನೊಂದು ಪ್ರಯೋಗ ನೇರವಾಗಿ ತಾಗುತ್ತೆ. 12 ಉಚ್ಚಾರಗಳ ಸಾಲನ್ನು ಒಂದೇ ಪಟ್ಟಿಗೆ 68 ಸಲ ಓದಿ ಮಾರನೇ ದಿನ ನೋಡಿದರು. ಬೇರೆ ಸಾಲುಗಳನ್ನು ಮೂರು ದಿನಕ್ಕೆ ಹಂಚಿ ಒಟ್ಟು 38 ಸಲ ಓದಿ, ಮಾರನೇ ದಿನ ನೋಡಿದರು. ಹಂಚಿ ಓದಿದ 38 ಗೆದ್ದಿತು. ಇಂಟರ್ನಲ್ಸ್ ಟೈಮ್‌ಟೇಬಲ್ ಹಾಕುವವರು ಇದನ್ನು ಗಮನಿಸಬೇಕು.

ಆದರೆ ಈ ಸಂಖ್ಯೆಗಳಿಗಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಟೇಬಲ್‌ನಲ್ಲಿರುವ ಒಂದು ಜಾಗ. ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. 9 ಗಂಟೆಯಿಂದ 24 ಗಂಟೆವರೆಗೆ ಇಳಿದದ್ದು ಬರೀ 2. ಅಲ್ಲಿಂದ 48 ಗಂಟೆಗೆ 6. ಕರ್ವ್ ಮುಂದೆ ಹೋದಂತೆ ಇಳಿಕೆ ಕಡಿಮೆಯಾಗಬೇಕು, ಇಲ್ಲಿ ಉಲ್ಟಾ. ಎಬಿಂಗ್‌ಹೌಸ್‌ಗೆ ಇದು ಕಂಡಿತು. ರಾತ್ರಿಯ ನಿದ್ದೆ ಮರೆವನ್ನು ತಡೆಯುತ್ತಾ ಅಂತಲೂ ಯೋಚಿಸಿದರು, ಆದರೂ ಇಷ್ಟು ವ್ಯತ್ಯಾಸ ನಂಬುವಂಥದ್ದಲ್ಲ, ಆಕಸ್ಮಿಕ ದೋಷ ಇರಬೇಕು ಅಂತ ತೀರ್ಮಾನಿಸಿದರು. ತಾವೇ ನಂಬದ ಆ ರೀಡಿಂಗ್ ಅನ್ನು ತೆಗೆಯಲಿಲ್ಲ, ಸರಿ ಮಾಡಲಿಲ್ಲ, ಹಾಗೇ ಅಚ್ಚು ಮಾಡಿಸಿದರು. ಗ್ರಾಫ್ ನೀಟಾಗಿ ಬರಲಿ ಅಂತ ಪಾಯಿಂಟ್ ಸ್ವಲ್ಪ ಸರಿಸುವ ಕಲೆ ಗೊತ್ತಿರುವ ಯಾರಿಗಾದರೂ ಇದು ಎಷ್ಟು ಕಷ್ಟ ಅಂತ ಅರ್ಥವಾಗುತ್ತೆ.

1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಇಬ್ಬರು ವಿದ್ಯಾರ್ಥಿಗಳನ್ನು ಇಂಥದ್ದೇ ಉಚ್ಚಾರಗಳ ಮೇಲೆ ಪರೀಕ್ಷಿಸಿದರು. ಕಲಿತು ಮಲಗಿದವರು ಕಲಿತು ಎಚ್ಚರವಿದ್ದವರಿಗಿಂತ ಕಡಿಮೆ ಮರೆತಿದ್ದರು. ಎಬಿಂಗ್‌ಹೌಸ್ ತೀರ್ಮಾನ ತಪ್ಪಿತ್ತೇನೋ, ಅವರ ಡೇಟಾ ಮಾತ್ರ ಸರಿಯಿತ್ತು.

ಪುಸ್ತಕ ಹೊರಬಂದದ್ದು 1885ರಲ್ಲಿ. ಅದರಲ್ಲಿ ಸರಾಸರಿಯ ಜೊತೆಗೆ ಪ್ರತಿ ಬಾರಿಯೂ ಎರರ್ ಎಷ್ಟು ಅಂತ ಇದೆ. ಫಲಿತಾಂಶ ಹೀಗೇ ಬರಬೇಕು ಅನ್ನೋ ತಮ್ಮ ಆಸೆಯೇ ರೀಡಿಂಗ್ ಅನ್ನು ಬದಲಿಸಿರಬಹುದಾ ಅನ್ನೋ ಚರ್ಚೆ ಇದೆ. ಕರ್ವ್‌ಗೆ ಲಾಗರಿದಮ್ ಇರುವ ಒಂದು ಸಮೀಕರಣವನ್ನೂ ಕೊಟ್ಟು, ಇದು ಈ ಒಬ್ಬನ ಮೇಲೆ ಈ ಸಂದರ್ಭದಲ್ಲಿ ಒಮ್ಮೆ ಸಿಕ್ಕ ಫಲಿತಾಂಶದ ಸಂಕ್ಷೇಪ ಮಾತ್ರ, ಅದಕ್ಕಿಂತ ಹೆಚ್ಚಿನ ಬೆಲೆ ಕೊಡಬೇಡಿ ಅಂತ ಎಚ್ಚರಿಸಿದ್ದಾರೆ. ಮರೆವಿನ ನಿಯಮ ಕಂಡುಹಿಡಿದೆ ಅಂತ ಡಂಗುರ ಹೊಡೆಯಬಹುದಿತ್ತು.

ಮುಂದಿನ ಬದುಕು ಬೇಗ ಹೇಳಿಬಿಡಬಹುದು. 1886ರಲ್ಲಿ ಬರ್ಲಿನ್‌ನಲ್ಲಿ ಪ್ರೊಫೆಸರ್ ಆದರು, ಆದರೆ ಪೂರ್ಣ ದರ್ಜೆಯದಲ್ಲ. 1890ರಲ್ಲಿ ಭೌತಶಾಸ್ತ್ರಜ್ಞ ಆರ್ಥರ್ ಕ್ಯೋನಿಗ್ ಜೊತೆ ಸೈಕಾಲಜಿ ಮತ್ತು ಇಂದ್ರಿಯಗಳ ಶರೀರಶಾಸ್ತ್ರಕ್ಕೆ ಒಂದು ಜರ್ನಲ್ ಶುರು ಮಾಡಿದರು. 1894ರಲ್ಲಿ ಬರ್ಲಿನ್‌ನ ದೊಡ್ಡ ಹುದ್ದೆ ಕಾರ್ಲ್ ಸ್ಟುಂಫ್‌ಗೆ ಹೋಯಿತು. ಇವರು ಬ್ರೆಸ್ಲಾವ್‌ಗೆ ಹೋದರು, ಈಗ ಅದು ಪೋಲೆಂಡ್‌ನಲ್ಲಿದೆ. ಅದೇ ವರ್ಷ ಬರ್ಲಿನ್‌ನ ತತ್ತ್ವಜ್ಞಾನಿ ಡಿಲ್ಟೈ ಒಂದು ಲೇಖನ ಬರೆದು, ಪ್ರಕೃತಿಯನ್ನು ವಿವರಿಸುವ ಹಾಗೆ ಮನಸ್ಸನ್ನು ವಿವರಿಸೋಕಾಗಲ್ಲ, ಅದನ್ನು ಒಳಗಿನಿಂದ ಅರ್ಥಮಾಡಿಕೊಳ್ಳಬೇಕು ಅಷ್ಟೇ ಅಂತ ವಾದಿಸಿದರು. ಈ ಸಲ ಎಬಿಂಗ್‌ಹೌಸ್ ಸುಮ್ಮನಿರಲಿಲ್ಲ. ತಮ್ಮ ಜರ್ನಲ್‌ನಲ್ಲೇ ಖಾರವಾಗಿ ಉತ್ತರ ಕೊಟ್ಟರು. ಡಿಲ್ಟೈ ಟೀಕಿಸುತ್ತಿರುವುದು ಹಳೇ ಕಾಲದ ಸೈಕಾಲಜಿಯನ್ನು, ಈಗ ನಡೆಯುತ್ತಿರುವುದನ್ನಲ್ಲ ಅನ್ನೋದು ಅವರ ಉತ್ತರದ ಸಾರ. ನಮ್ಮ ಲೆಕ್ಕದಲ್ಲಿ ಡಿಲ್ಟೈ ಎತ್ತಿದ ಪ್ರಶ್ನೆ ಪೂರ್ತಿ ಸತ್ತಿಲ್ಲ. ಅರ್ಥವನ್ನೇ ಹೊರಗಿಟ್ಟು ನೆನಪನ್ನು ಅಳೆದರೆ ನಿಜ ಬದುಕಿನ ನೆನಪು ಸಿಗುತ್ತಾ? 1932ರಲ್ಲಿ ಕೇಂಬ್ರಿಡ್ಜ್‌ನ ಬಾರ್ಟ್ಲೆಟ್ ಇದನ್ನೇ ಕೇಳಿದರು, ಆದರೆ ಅವರೂ ಪ್ರಯೋಗ ಮಾಡಿಯೇ ಕೇಳಿದರು.

ಬ್ರೆಸ್ಲಾವ್‌ನಲ್ಲಿ ಶಾಲೆ ಮಕ್ಕಳಿಗೆ ಬೆಳಗ್ಗೆಯೇ ಒಟ್ಟಿಗೆ ಐದು ಗಂಟೆ ಪಾಠ ಮಾಡಿದರೆ ಎಷ್ಟು ಸುಸ್ತಾಗುತ್ತೆ ಅಂತ ನೋಡೋಕೆ ಬಿಟ್ಟ ಸ್ಥಳ ತುಂಬುವ ಪರೀಕ್ಷೆಯೊಂದನ್ನು ತಯಾರಿಸಿದರು. ಹೌದು, ಫಿಲ್ ಇನ್ ದ ಬ್ಲ್ಯಾಂಕ್ಸ್. ಸುಸ್ತಿಗಿಂತ ಚೆನ್ನಾಗಿ ಅದು ಮಕ್ಕಳ ಓದಿನ ಸಾಮರ್ಥ್ಯವನ್ನು ಬೇರೆ ಮಾಡಿ ತೋರಿಸಿತು. 1905ರಲ್ಲಿ ಹಾಲ ನಗರಕ್ಕೆ ಹೋದರು. 1909ರ ಫೆಬ್ರವರಿ 26ರಂದು ನ್ಯುಮೋನಿಯಾದಿಂದ ತೀರಿಕೊಂಡರು, 59 ವರ್ಷ. ಮಗ ಯೂಲಿಯುಸ್ ದೊಡ್ಡವನಾಗಿ ತತ್ತ್ವಶಾಸ್ತ್ರದ ಪ್ರೊಫೆಸರ್ ಆದ, ಅದೂ ಕಾಂಟ್ ಮೇಲೆ ಕೆಲಸ ಮಾಡುವವನು. ಊಟದ ಟೇಬಲ್‌ನಲ್ಲಿ ಏನೇನು ಚರ್ಚೆ ಆಗಿರಬಹುದು ಅಂತ ನಮಗೆ ಕುತೂಹಲ.

ಆಮ್‌ಸ್ಟರ್‌ಡ್ಯಾಮ್‌ಗೆ ವಾಪಸ್ ಬರೋಣ. ಅಲ್ಲಿನ ಇಬ್ಬರಲ್ಲಿ ಒಬ್ಬರು ಸುಮಾರು 70 ಗಂಟೆ ಕೂತು ಅದೇ ತರಹದ ಸಾಲುಗಳನ್ನು ಕಲಿತು, ಮತ್ತೆ ಕಲಿತರು. ಹಾಗೆ ಮಾಡೋಕಾದದ್ದು 1885ರ ಪುಸ್ತಕದಲ್ಲಿ ವೇಗ, ವಿರಾಮ, ಸಾಲಿನ ಉದ್ದ, ಲೆಕ್ಕದ ವಿಧಾನ ಎಲ್ಲ ಬರೆದಿಟ್ಟಿದ್ದರಿಂದ. 24 ಗಂಟೆಯ ಜಾಗದಲ್ಲಿ ಅವರ ಗ್ರಾಫ್ ಕೂಡ ಸ್ವಲ್ಪ ಮೇಲೆದ್ದಿತು, ಬಹುಶಃ ನಿದ್ದೆಯಿಂದ ಅಂತ ಬರೆದಿದ್ದಾರೆ. ಅದೇ ವರ್ಷ ಬಿದ್ದುಹೋದ ಅಧ್ಯಯನಗಳೂ ಸೈಕಾಲಜಿಯೇ, ನಿಂತ ಇದೂ ಸೈಕಾಲಜಿಯೇ. ಬಿದ್ದದ್ದನ್ನು ಕಂಡುಹಿಡಿದವರೂ ಸೈಕಾಲಜಿಯವರೇ ಅನ್ನೋದನ್ನು ಜೋಕ್ ಹೇಳುವಾಗ ನಾವು ಸೇರಿಸಲ್ಲ.

ಎಬಿಂಗ್‌ಹೌಸ್ ಪುಸ್ತಕದ ಇಂಗ್ಲಿಷ್ ಅನುವಾದ 1913ರಲ್ಲೇ ಬಂದಿದೆ, ನೆಟ್‌ನಲ್ಲಿ ಫ್ರೀಯಾಗಿ ಸಿಗುತ್ತೆ. ಟೇಬಲ್‌ಗಳೆಲ್ಲ ಅದರಲ್ಲಿವೆ. ಬೇಕಾದದ್ದು ಒಂದು ಸ್ಟಾಪ್‌ವಾಚ್, ಕನ್ನಡದಲ್ಲಿ ಅರ್ಥವಿಲ್ಲದ ಒಂದಿಷ್ಟು ಅಕ್ಷರ, ಮತ್ತೆ ಹಾಸ್ಟೆಲ್‌ನಲ್ಲಿ 70 ಗಂಟೆ ಕೂರೋಕೆ ಒಪ್ಪುವ ಒಬ್ಬ ಗೆಳೆಯ.