ಖಲೀಫಾ ಉಮರ್(ರ) ಕಾಯ್ದ ಹುಲ್ಲುಗಾವಲು

ನಮ್ಮ ಜಗಳೂರು, ಹೊನ್ನಾಳಿ ಸೀಮೆಯವರಿಗೆ ಗೋಮಾಳವೆಂದರೇನೆಂದು ವಿವರಿಸಬೇಕಾಗಿಲ್ಲ. ಅರಬರಲ್ಲಿ ಅದಕ್ಕೆ ಹತ್ತಿರವಾದುದು ಹಿಮಾ, ಅಂದರೆ ಕಾಯ್ದಿಟ್ಟ ಹುಲ್ಲುಗಾವಲು. ಅಜ್ಞಾನ ಕಾಲದಲ್ಲಿ ಅದು ಬಲಿಷ್ಠ ಮುಖಂಡರ ಸೊತ್ತಾಗಿತ್ತು. ಪ್ರವಾದಿವರ್ಯರು(ಸ) ಆ ಪದ್ಧತಿಯನ್ನು ಅಳಿಸಿ ಅದನ್ನು ಸಾರ್ವಜನಿಕ ಹಿತಕ್ಕೆ ಮೀಸಲಿಟ್ಟರು.

ಬಾಲ್ಯದಲ್ಲಿ ತಂದೆಯ ಒಂಟೆಗಳನ್ನು ಮೇಯಿಸಿದ್ದ ಹ. ಉಮರ್(ರ) ಕ್ರಿ.ಶ. 634ರಲ್ಲಿ ಖಲೀಫರಾದರು. ರಬದಾ ಎಂಬಲ್ಲಿ ಹಿಮಾ ಏರ್ಪಡಿಸಿದರು. ಹಿಮಾದ ಕಾವಲಿಗೆ ನೇಮಿಸಿದ್ದ ತಮ್ಮ ವಿಮೋಚಿತ ದಾಸ ಹುನೈಗೆ ಅವರು ಕೊಟ್ಟ ಆದೇಶವನ್ನು ನೋಡಿರಿ. ನಾಲ್ಕಾರು ಒಂಟೆ, ಕುರಿಗಳಿರುವ ಬಡವರನ್ನು ಒಳಗೆ ಬಿಡಬೇಕು, ಹ. ಉಸ್ಮಾನ್(ರ) ಮತ್ತು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಹಿಂಡುಗಳನ್ನು ಬಿಡಬಾರದು. ಇಬ್ಬರೂ ಸ್ವರ್ಗದ ಸುವಾರ್ತೆ ಪಡೆದ ಸಹಾಬಿಗಳು! ಆದರೆ ಅವರ ಹಿಂಡು ಸತ್ತರೆ ತೋಟ, ಹೊಲಗಳಿವೆ. ಬಡವನದು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೇ ಬರಬೇಕು. ಆಗ ಬೊಕ್ಕಸದಿಂದ ಚಿನ್ನ, ಬೆಳ್ಳಿ ಕೊಡುವುದಕ್ಕಿಂತ ಈಗಲೇ ನೀರು, ಹುಲ್ಲು ಕೊಡುವುದು ಹಗುರವೆಂದು ಅವರು ಕಂಡಿದ್ದರು.

ಉಳುವ ಭೂಮಿಯ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. ಬಿಲಾಲ್ ಬಿನ್ ಹಾರಿಸ್(ರ)ರಿಗೆ (ಬಾಂಗ್ ಕೊಡುತ್ತಿದ್ದ ಬಿಲಾಲ್ ಇವರಲ್ಲ) ಅಕೀಕ್ ಕಣಿವೆಯ ಜಮೀನನ್ನು ಪ್ರವಾದಿವರ್ಯರೇ(ಸ) ಕೊಟ್ಟಿದ್ದರು. ಅವರಿಂದ ಸಾಗುವಳಿ ಮಾಡಲಾಗದ ಭಾಗವನ್ನು ಉಮರ್(ರ) ಹಿಂಪಡೆದು ಇತರರಿಗೆ ಹಂಚಿದರು. ಬಿಲಾಲ್(ರ) ಒಪ್ಪಲಿಲ್ಲ, ಖಲೀಫರು ಬಗ್ಗಲಿಲ್ಲ. ಬರಡು ನೆಲಕ್ಕೆ ಗಡಿ ಹಾಕಿ ಪಾಳು ಬಿಟ್ಟವನಿಗೆ ಅವರು ಕೊಟ್ಟ ಗಡುವು ಮೂರು ವರ್ಷ. ಆ ಮೇಲೆ ಅದು ಊಳುವವನದು.